ಇಪ್ಪತ್ಮೂರು ಸಿಪಾಯಿಗಳ ಕಾಕಾ

ಕಾಕಾರ ಎಡಗೈ ಹೆಬ್ಬೆರಳಿನ ಉಗುರು ಎರಡು ದಿನ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ಕಂಡಿಲ್ಲ. ಕುಂಚದ ತುದಿ ಚೂಪಾಗಿದೆಯೋ ಇಲ್ಲವೋ, ಬಣ್ಣ ತೆಳುವಾಯಿತೋ ದಪ್ಪವಾಯಿತೋ ಎಂದು ನೋಡಲು ಅವರು ಕಾಗದ ಮುಟ್ಟುತ್ತಿರಲಿಲ್ಲ, ಆ ಉಗುರಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ಹಲ್ಲಿನ ಬಣ್ಣಗಳಿರುತ್ತಿದ್ದವು. ಹಾಲಿಗೆ ಒಂದು ಹನಿ ಚಹಾ ಬಿದ್ದಂಥ ಬಿಳುಪು, ಹಳೆಯ ದಂತದ ಹಳದಿ, ಎಲೆ-ಅಡಿಕೆ ತಿನ್ನುವವರ ಕಂದು. ಭಾನುವಾರ ಮಾತ್ರ ಕೆಂಪು, ನೀಲಿ, ಹಿತ್ತಾಳೆಯ ಬಣ್ಣ. ಸೋಮವಾರ ಬೆಳಿಗ್ಗೆ ಉಗುರಿನ ಮೂಲೆಯಲ್ಲಿ ಕೆಂಪು ಉಳಿದಿದ್ದರೆ, ನಿನ್ನೆ ಯಾವುದೋ ಸಿಪಾಯಿಗೆ ಅಂಗಿ ಬಂದಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಅವರು ಮಸ್ಕಿಯಲ್ಲಿ ಹಲ್ಲು ಮಾಡುವವರು. ಡಾಕ್ಟರ್ ಅಲ್ಲ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಅದನ್ನು ನೋಡಿ ಕ್ಯಾಪು, ಕಟ್ಟು ಹಲ್ಲು, ಪೂರ್ತಿ ಸೆಟ್ಟು ಮಾಡಿಕೊಡುವ ಲ್ಯಾಬು ಅವರದು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಅದರ ಹಿಂದೆಯೇ ಮನೆ. ಸಿಂಧನೂರಿನ ಡಾಕ್ಟರು ಆ ಕಡೆಯಿಂದ, ಲಿಂಗಸುಗೂರಿನ ಡಾಕ್ಟರು ಈ ಕಡೆಯಿಂದ ಅಚ್ಚುಗಳನ್ನು ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಿದ್ದರು. ಕಂಡಕ್ಟರುಗಳು ಗಲ್ಲಿಯ ತುದಿಗೆ ನಿಂತು "ಹಲ್ಲಿನ ಕಾಕಾ, ನಿಮ್ಮ ಡಬ್ಬಿ ಬಂದಾವ" ಎಂದು ಕೂಗುತ್ತಿದ್ದರು. ಹೀಗೆ ಊರಿಗೆಲ್ಲ ಅವರು ಹಲ್ಲಿನ ಕಾಕಾ. ನನಗೆ ಬರೇ ಕಾಕಾ.

ನಾನು ಅಲ್ಲಿಗೆ ಹೋದಾಗ ನನಗೆ ಇಪ್ಪತ್ತೊಂಬತ್ತು. ಗುರುಗುಂಟಾದ ಗಂಡನ ಮನೆ ಬಿಟ್ಟು ಮಸ್ಕಿಯ ಅಣ್ಣನ ಮನೆಗೆ ಬಂದು ವರ್ಷವಾಗಿತ್ತು. ಬಿಎಸ್ಸಿ ಆಗಿತ್ತು, ಕೆಲಸ ಇರಲಿಲ್ಲ, ಅತ್ತಿಗೆಯ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಕಾಕಾ ನನ್ನ ಅಂಕಪಟ್ಟಿ ಕೇಳಲಿಲ್ಲ. ಒಂದು ಸಬ್ಬಕ್ಕಿ ಕಾಳನ್ನು ಮೇಜಿನ ಮೇಲಿಟ್ಟು, ಕುಂಚ ಕೊಟ್ಟು, ಅದರ ಸುತ್ತ ಒಂದು ಗೆರೆ ಎಳೆ ಎಂದರು. ಎಳೆದೆ. ಗೆರೆ ಎರಡು ಕಡೆ ಕಿತ್ತುಹೋಗಿತ್ತು. "ಎರಡ ಕಡೆ ಅಲ್ಲಾ? ನಂದು ಮೊದಲನೇ ದಿನ ಹತ್ತು ಕಡೆ ಕಿತ್ತಿತ್ತು. ನಾಳಿಂದ ಬಾ ತಂಗಿ" ಅಂದರು.

ಕಾಕಾರದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ನೀಲಿ ಪಟ್ಟಿ. ನಮ್ಮವ್ವ ಕೆಲಸಕ್ಕೆ ಕಳಿಸುವಾಗಲೇ "ದುಡಿ, ಆದ್ರ ಅಲ್ಲಿ ಚಾ ಕುಡಿಬ್ಯಾಡ" ಎಂದು ಹೇಳಿ ಕಳಿಸಿದ್ದಳು. ಕಾಕಾರಿಗೆ ಇದು ಯಾರೂ ಹೇಳದೆ ಗೊತ್ತಿತ್ತು. ಮೊದಲ ದಿನವೇ "ನಿನಗ ಚಾ ಹೋಟೆಲಿನಿಂದ ತರಸ್ಲೇನು?" ಎಂದು ಕೇಳಿದರು, ಯಾವ ಕಹಿಯೂ ಇಲ್ಲದೆ, ಬಸ್ಸಿನ ವೇಳೆ ಕೇಳುವವರಂತೆ. ಒಂಬತ್ತು ದಿನ ಹೋಟೆಲಿನ ಚಹಾ ಕುಡಿದೆ. ಹತ್ತನೇ ದಿನ ನನಗೆ ನನ್ನ ಮೇಲೇ ನಾಚಿಕೆ ಬಂದು ಒಳಗೆ ಹೋಗಿ ಕಾಕಿಗೆ "ನನಗೂ ಹಾಕ್ರಿ" ಅಂದೆ. ಕಾಕಿ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ "ಸಕ್ರಿ ಎಷ್ಟು?" ಎಂದು ಮಾತ್ರ ಕೇಳಿದರು.

ಕೆಲಸ ಕಲಿಸುವಾಗ ಕಾಕಾ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದ ಮಾತಿನಲ್ಲಿ ಅರ್ಧ ಒಂದೇ ಮಾತು: "ಗೆರಿ ತೆಗಿ." ಎರಡು ಹೋಳು ಅಚ್ಚಿನಲ್ಲಿ ಏನನ್ನೇ ಎರಕ ಹೊಯ್ದರೂ, ಹೋಳುಗಳು ಕೂಡುವ ಜಾಗದಲ್ಲಿ ಕೂದಲಿನಷ್ಟು ಗೆರೆಯೊಂದು ಎದ್ದುನಿಲ್ಲುತ್ತದೆ. ಅರ ಹಾಕಿ ಅದನ್ನು ತೆಗೆಯದಿದ್ದರೆ ರೋಗಿಯ ನಾಲಿಗೆಗೆ ತಾಗುತ್ತದೆ. ಕಣ್ಣಿಗೆ ಕಾಣದ ಗೆರೆಯನ್ನು ಕಾಕಾ ಅದೇ ಹೆಬ್ಬೆರಳಿನ ಉಗುರಿನಿಂದ ಸವರಿ ಹಿಡಿಯುತ್ತಿದ್ದರು. ನಾನು ಮುಗಿಸಿ ಕೊಟ್ಟ ಕ್ಯಾಪುಗಳನ್ನು ಮೊದಲ ವರ್ಷವೆಲ್ಲ ತಿರುಗಿ ನನ್ನ ಮುಂದೆಯೇ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಎದುರು ಮಾತಾಡಲು ನನಗೆ ಬರುತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಪ್ರತಿ ಡಬ್ಬಿಯ ಜೊತೆ ಒಂದು ಚೀಟಿ ಹೋಗಬೇಕು. ರೋಗಿಯ ಹೆಸರು, ಯಾವ ಹಲ್ಲು, ಯಾವ ಬಣ್ಣ, ಕೊನೆಯ ಸಾಲಿನಲ್ಲಿ "ಮಾಡಿದವರು". ಆ ಜಾಗದಲ್ಲಿ ಕಾಕಾ ಯಾವಾಗಲೂ ಲ್ಯಾಬಿನ ಠಸ್ಸೆ ಒತ್ತಿ ತಮ್ಮ ಸಹಿ ಹಾಕುತ್ತಿದ್ದರು, ಕೆಲಸ ನನ್ನದಾದರೂ. ಒಮ್ಮೆ ವಳಕಮದಿನ್ನಿಯ ರೈತರೊಬ್ಬರಿಗೆ ನಾನು ಮಾಡಿದ ಕ್ಯಾಪು ಎತ್ತರವಾಗಿ, ಅವರಿಗೆ ಎಂಟು ದಿನ ರೊಟ್ಟಿ ಅಗಿಯಲು ಬರಲಿಲ್ಲ. ಸಿಂಧನೂರಿನ ಡಾಕ್ಟರು ಫೋನಿನಲ್ಲಿ ಬೈದದ್ದು ನನಗೂ ಕೇಳಿಸುತ್ತಿತ್ತು. ಕಾಕಾ "ನಂದ ತಪ್ಪು ಸಾರ್, ಇವತ್ತ ಮಾಡಿ ಕಳಸ್ತೀನಿ" ಎಂದು ಫೋನು ಇಟ್ಟರು.

"ನಾ ಮಾಡಿದ್ದು ಅಂತ ಹೇಳಬೇಕಿತ್ರೀ ಕಾಕಾ" ಅಂದೆ.

"ನೀ ಮಾಡಿದ್ದು ಚಲೋ ಆದಾಗ ನಿನ್ನ ಹೆಸರು ಹೇಳೀನೇನು? ಇಲ್ಲ. ಹಂಗಾದ್ರ ಕೆಟ್ಟಾಗ ಯಾಕ ಹೇಳ್ಲಿ. ಕೆಲಸ ಯಾರದರ ಇರ್ಲಿ, ಸಹಿ ಲ್ಯಾಬಿಂದು."

ಈ ಮಾತಿನ ಅರ್ಥ ಅವತ್ತು ನನಗೆ ಪೂರ್ತಿ ಆಗಲಿಲ್ಲ.

ಈಗ ಸಿಪಾಯಿಗಳ ಮಾತು. ಕಾಕಾ ಹುಡುಗರಾಗಿದ್ದಾಗ ಹೈದರಾಬಾದಿನ ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಕಲಿತವರು. ಅಲ್ಲಿಯ ಭಾನುವಾರದ ಬಜಾರಿನ ಫುಟ್‌ಪಾತಿನಲ್ಲಿ ಒಂದು ತುಕ್ಕು ಹಿಡಿದ ಬಿಸ್ಕೀಟ್ ಡಬ್ಬಿ ಕಂಡರು. ಒಳಗೆ ಬೆರಳ ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಗಳು, ಒಂದರ ಮೇಲೊಂದು ಬಿದ್ದು, ಯಾರೋ ಬಳಿದ ದಪ್ಪ ಬಣ್ಣದಲ್ಲಿ ಮುಖವೇ ಮುಚ್ಚಿಹೋದವು. ಮೀನಿನ ಬಲೆಗೆ ಕಟ್ಟುವ ಗುಂಡು ಮಾಡಲು ಯಾರಾದರೂ ಒಯ್ಯಲಿ ಎಂದು ಮಾರುವವ ಅವನ್ನು ತೂಕಕ್ಕೆ ಇಟ್ಟಿದ್ದ. ಕಾಕಾ ಡಬ್ಬಿಯನ್ನೇ ಕೊಂಡು, ಒಂದನ್ನು ಲ್ಯಾಬಿಗೆ ಒಯ್ದು ಹಲ್ಲು ಕೆರೆಯುವ ಸೂಜಿಯಿಂದ ಬಣ್ಣ ಎಬ್ಬಿಸಿದರು. ಕೆಳಗೆ ಮೀಸೆ ಕಂಡಿತು, ರೆಪ್ಪೆ ಕಂಡಿತು, ಮುಂಡಾಸಿನ ಒಂದೊಂದು ಸುತ್ತು ಕಂಡಿತು. "ಇದನ್ನ ಕೆತ್ತಿದಾವ ನನ್ನಕಿಂತ ಭಾರಿ ಕೆಲಸದಾವ ಅಂತ ಅವತ್ತ ಕಬೂಲ್ ಮಾಡಿದೆ" ಎಂದು ಹೇಳುತ್ತಿದ್ದರು.

ಅವು ಏನು ಎಂದು ತಿಳಿಯಲು ಅವರಿಗೆ ಫೋನಿನೊಳಗೆ ಇಂಟರ್ನೆಟ್ ಬರುವವರೆಗೆ ಕಾಯಬೇಕಾಯಿತು. ನಲವತ್ತು ಐವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ, ಮೇಜಿನ ಮೇಲೆ ದಾಳ ಹಾಕಿ ಯುದ್ಧದಾಟ ಆಡುವವರಿಗಾಗಿ ಎರಕ ಹೊಯ್ದ ಗೊಂಬೆಗಳವು. ಅವನ್ನು ಹುಡುಕಿ, ಕೂಡಿಸಿ, ಬಣ್ಣ ಹಚ್ಚುವ ಮಂದಿಯ ಒಂದು ಗುಂಪೇ ಫೋನಿನಲ್ಲಿತ್ತು. ಕಾಕಾ ಆ ಗುಂಪು ಸೇರಿದರು. ಮುರಿದ ಕೈ, ಹೋದ ಕತ್ತಿ, ಕುದುರೆಯ ಬಾಲ ಇವನ್ನು ಹಲ್ಲು ಮಾಡುವ ಮೇಣದಲ್ಲಿ ಕೆತ್ತಿ, ಎರಕ ಹೊಯ್ದು ಕೂಡಿಸಿದರೆ ಜೋಡಿಸಿದ್ದೇ ಗೊತ್ತಾಗುತ್ತಿರಲಿಲ್ಲ. ಇದು ತಿಳಿದ ಮೇಲೆ ಎಲ್ಲೆಲ್ಲಿಂದಲೋ ಜನ ತಮ್ಮ ಅಂಗವಿಕಲ ಸಿಪಾಯಿಗಳನ್ನು ಮಸ್ಕಿಗೆ ಟಪಾಲಿನಲ್ಲಿ ಕಳಿಸತೊಡಗಿದರು. ಪೋಸ್ಟ್‌ಮನ್ನು "ನಿಮ್ಮ ದವಾಖಾನಿಗೆ ಪೇಷಂಟ್ ಬಂದಾರ" ಎಂದು ಪೊಟ್ಟಣ ಕೊಟ್ಟು ಹೋಗುತ್ತಿದ್ದ.

ಭಾನುವಾರ ಅವರ ಮನೆ ಡೆಟ್ಟಾಲ್ ನಾರುತ್ತಿತ್ತು. ಹಳೆಯ ಬಣ್ಣ ಬಿಡಿಸಲು ಗೊಂಬೆಗಳನ್ನು ಎರಡು ದಿನ ಡೆಟ್ಟಾಲಿನಲ್ಲಿ ನೆನೆಯಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಮೊದಲ ಸಲ ನಾನು ಶಾಣ್ಯಾತನ ಮಾಡಿ ನಳದ ಕೆಳಗೆ ಹಿಡಿದೆ. ನೀರು ಬಿದ್ದದ್ದೇ ತಡ, ಬಣ್ಣವೆಲ್ಲ ಡಾಂಬರಿನಂತೆ ಅಂಟಿಕೊಂಡಿತು. ಕಾಕಾ ಅದನ್ನು ಮತ್ತೆ ಡೆಟ್ಟಾಲಿಗೇ ಅದ್ದಿ "ಮೊದ್ಲ ಇದರಾಗ ತೊಳಿ, ಆಮ್ಯಾಲ ನೀರು. ಆಮ್ಯಾಲ ನಿನ್ನ ಕೈ. ಸೀಸ ಮುಟ್ಟಿದ ಕೈ ಬಾಯಿಗೆ ಒಯ್ಯಬ್ಯಾಡ" ಅಂದರು. ಬಣ್ಣ ಹಚ್ಚುವಾಗ ಯಾವಾಗಲೂ ಮುಖದಿಂದ ಶುರು. "ಮುಖ ಆತಂದ್ರ ಅಂವ ನನ್ನ ನೋಡಾಕ ಹತ್ತತಾನ. ಜಲ್ದಿ ಅಂಗಿ ಹಾಕು ಅಂತಾನ. ಆಮ್ಯಾಲ ಕೆಲಸ ನಿಲ್ಲಂಗಿಲ್ಲ."

ಅವರು ಮೇಜಿನ ಮೇಲೆ ಆಟವನ್ನೂ ಆಡುತ್ತಿದ್ದರು. ಎದುರಾಳಿ ಸಿಗದ್ದರಿಂದ ಕಾಕಿಯನ್ನು ಕೂಡಿಸಿಕೊಳ್ಳುತ್ತಿದ್ದರು. ಕಾಕಿ ಬಳ್ಳೊಳ್ಳಿ ಸುಲಿಯುತ್ತ ಎಡಗೈಯಿಂದ ದಾಳ ಎಸೆಯುತ್ತಿದ್ದರು. ಆಕೆ ಒಮ್ಮೆಯೂ ಆಟದ ನಿಯಮ ಕಲಿಯಲಿಲ್ಲ, ಒಮ್ಮೆಯೂ ಸೋಲಲಿಲ್ಲ. ಬುದ್ಧ ವಿಹಾರದ ಹಿರಿಯರೊಬ್ಬರು ಮನೆಗೆ ಬಂದವರು ಸಾಲಾಗಿ ನಿಂತ ದಂಡು ಕಂಡು "ಬುದ್ಧನ ಮುಂದ ಯುದ್ಧದ ಮಂದೀನ್ನ ಇಡಬಹುದೇನ್ರೀ? ಅದೂ ಮಸ್ಕ್ಯಾಗ, ಅಶೋಕನ ಶಾಸನದ ಗುಡ್ಡದ ಬುಡಕ್ಕ?" ಎಂದು ಕೇಳಿದ್ದರು. ಕಾಕಾ ಕುಂಚದಿಂದ ಕಣ್ಣು ಎತ್ತದೆ "ಇವರು ಯಾರಿಗೂ ಹೊಡಿಯಂಗಿಲ್ರಿ. ಬಣ್ಣ ಒಣಗಲಿ ಅಂತ ನಿಂತಾರ" ಅಂದರು. ಹಿರಿಯರಿಗೆ ನಗು ಬಂತು.

ಆದರೆ ಒಂದು ದಂಡು ಮಾತ್ರ ಆಟಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಬೇರೆಯೇ ಗಾಜಿನ ಪೆಟ್ಟಿಗೆ. ಕೆಂಪು ಅಂಗಿ, ಮುಂಡಾಸು ಹಾಕಿದ ನಮ್ಮ ಕಡೆಯ ಸಿಪಾಯಿಗಳು. ಕಾರ್ಖಾನೆಯವರು ಆ ಸಾಲಿಗೆ ಇಪ್ಪತ್ನಾಲ್ಕು ಜನ ಎಂದು ಮಾಡಿದ್ದರು. ಕಾಕಾರ ಬಳಿ ಇಪ್ಪತ್ಮೂರು ಇದ್ದರು. ಡೋಲು ಬಾರಿಸುವವ ಇರಲಿಲ್ಲ. ಮುಂದಿನ ಸಾಲಿನಲ್ಲಿ, ನಿಶಾನೆ ಹಿಡಿದವನ ಬಲಕ್ಕೆ, ಅವನು ನಿಲ್ಲುವಷ್ಟು ಜಾಗ ಬಿಟ್ಟು ಉಳಿದವರನ್ನು ನಿಲ್ಲಿಸಿದ್ದರು.

ಆ ಜಾಗದ ಕಥೆಯನ್ನು ಕಾಕಾ ನನಗೆ ಒಂದೇ ಸಲ ಹೇಳಿದ್ದು. ಅವರ ಮೂಲ ಲಿಂಗಸುಗೂರಿನ ಛಾವಣಿ. ಅಲ್ಲಿ ಹಿಂದೆ ನಿಜಾಮರ ಕಾಲದಲ್ಲಿ ದಂಡು ಬೀಡುಬಿಟ್ಟಿತ್ತು. ಅವರ ಮುತ್ತಜ್ಜನ ಅಪ್ಪ ಆ ದಂಡಿನಲ್ಲಿ ಡೋಲು ಬಾರಿಸುತ್ತಿದ್ದ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಫೋಟೋ ಇಲ್ಲ, ಕಾಗದ ಇಲ್ಲ, ಬರೇ ಮಾತು.

"ಊರಾಗ ಹಲಿಗಿ ಬಾರಿಸಿದ್ರ ಹೊರಗ ನಿಲ್ಲಿಸಿ ಜೋಳ ಹಾಕ್ತಿದ್ರು. ಛಾವಣ್ಯಾಗ ಡೋಲು ಬಾರಿಸಿದ್ರ ಪಗಾರ ಕೊಟ್ರು, ಬೂಟು ಕೊಟ್ರು, ಮುಂದಿನ ಸಾಲಿನಾಗ ನಿಲ್ಸಿದ್ರು" ಅಂದರು ಕಾಕಾ. "ನಮ್ಮ ಮನ್ಯಾಗ ಪಗಾರ ತಂದ ಮೊದಲನೇ ಮನಶ್ಯಾ ಅಂವ. ಅವನ ಮುಖ ಹೆಂಗಿತ್ತೋ ಗೊತ್ತಿಲ್ಲ. ಈ ಡೋಲಿನಾವ ಸಿಕ್ರ ಅವಗ ನಾನ ಒಂದು ಮುಖ ಹಚ್ತೀನಿ."

ಆ ಡೋಲಿನವನನ್ನು ಹತ್ತಾರು ವರ್ಷ ಹುಡುಕಿದರು. ಇದ್ದವರು ಮಾರುತ್ತಿರಲಿಲ್ಲ. ಗುಂಪಿನಲ್ಲಿ ಒಬ್ಬ ಮುದುಕರ ಬಳಿ ಅವನಿದ್ದ. ಇಂಗ್ಲೆಂಡಿನವರು, ನಿವೃತ್ತ ಮಾಸ್ತರು, ಕಾಕಾರಿಗೆ ಭಾನುವಾರಕ್ಕೊಮ್ಮೆ ಉದ್ದನೆಯ ಸಂದೇಶ ಬರೆಯುವವರು. ಕಾಕಿ ಅವರನ್ನು ಬಿಲಾಯತಿ ಅಜ್ಜ ಎಂದು ಕರೆಯುತ್ತಿದ್ದರು. ಅವರದೂ ಪೂರ್ತಿ ದಂಡು, ಅದರ ಡೋಲಿನವನನ್ನು ಕೇಳಲು ಕಾಕಾರಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಕಾಕಾರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಎಡಗಣ್ಣಿನಲ್ಲಿ ರಕ್ತ ಕಟ್ಟಿತ್ತು, ರಾಯಚೂರಿಗೆ ಹೋಗಿ ಲೇಸರ್ ಮಾಡಿಸಿ ಬಂದರು. ಕೈ ಕೂಡ ಸಣ್ಣಗೆ ನಡುಗತೊಡಗಿತು. ಹಲ್ಲಿನ ಕೆಲಸ ಬಹುತೇಕ ನನ್ನ ಮೇಲೆ ಬಂತು. ಇನ್ನು ಎರಡು ವರ್ಷ, ಹೆಚ್ಚೆಂದರೆ ಮೂರು, ಆಮೇಲೆ ಸಣ್ಣ ಕುಂಚ ಹಿಡಿಯಲಾಗದು ಎಂದು ಡಾಕ್ಟರು ಹೇಳಿದ್ದು ನನಗೂ ಕಾಕಿಗೂ ಗೊತ್ತಿತ್ತು. ಡೋಲಿನವ ಸಿಗುವುದಾದರೆ ಈಗಲೇ ಸಿಗಬೇಕಿತ್ತು.

ಆಗಲೇ ಅವನು ಬಂದ. ಕಾಕಾರಿಗೆ ಉಳಿಯಲು ಅಲ್ಲ, ರಿಪೇರಿಗೆ. ಬಿಲಾಯತಿ ಅಜ್ಜ ಧೂಳು ಒರೆಸುವಾಗ ಕೆಡವಿ, ಡೋಲಿನವನ ಬಲಗೈ ಮುರಿದು ಎಲ್ಲೋ ಕಳೆದುಹೋಗಿತ್ತು. ಗುಂಪಿನಲ್ಲಿ ಇನ್ನಾರನ್ನೂ ನಂಬದೆ ಕಾಕಾರಿಗೆ ಕಳಿಸಿದ್ದರು. ಪೊಟ್ಟಣ ಬಿಚ್ಚಿದ ಕಾಕಾ ಅವನನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಎದ್ದು, ಗಾಜಿನ ಪೆಟ್ಟಿಗೆ ತೆರೆದು, ಬಿಟ್ಟ ಜಾಗದಲ್ಲಿ ಒಮ್ಮೆ ನಿಲ್ಲಿಸಿದರು. ಎಣಿಸಲಿಲ್ಲ. ನೋಡಿದರು, ತೆಗೆದರು, ವರ್ನಿಯರ್ ಹಿಡಿದು ಕಾಲಿಂದ ಮುಂಡಾಸಿನ ತನಕ ಅಳೆದು ಪುಸ್ತಕದಲ್ಲಿ ಬರೆದುಕೊಂಡರು, ಕೆಲಸಕ್ಕೆ ಕೂತರು.

ಕೈ ಮಾಡಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ನನಗೆ ಒಂದೇ ಯೋಚನೆ. ಇಡೀ ಬದುಕು ನಕಲು ತೆಗೆಯುವುದೇ ನಮ್ಮ ಕೆಲಸ. ಅಚ್ಚು ತೆಗೆಯುವ ರಬ್ಬರಿನಂಥ ಪುಟ್ಟಿ ಇದೆ, ಮೇಣ ಇದೆ, ಕುಲುಮೆ ಇದೆ, ಡೋಲಿನವ ಡ್ರಾಯರಿನಲ್ಲಿ ಮಲಗಿದ್ದಾನೆ. ಇದು ಕಾಕಾರಿಗೆ ಹೊಳೆಯದೆ ಇರುತ್ತದೆಯೇ? ಒಮ್ಮೆ ಬಾಯಿ ಬಿಟ್ಟೆ. "ಒಂದು ಅಚ್ಚು ತಕ್ಕೊಂಡ್ರ ಆಗತೈತಲ್ರೀ." ಕಾಕಾ "ಅದು ಮಾಡಬಾರ್ದು" ಎಂದು ಮಾತ್ರ ಹೇಳಿ ಅರ ತಿಕ್ಕುತ್ತ ಕೂತರು. ಆ ಗುಂಪಿನ ಮಂದಿಯಲ್ಲಿ ನಕಲು ತೆಗೆಯುವುದು ಕಳ್ಳತನಕ್ಕಿಂತ ಕಡಿಮೆಯದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಒಂದು ಭಾನುವಾರ ಮಧ್ಯಾಹ್ನ ಕಾಕಾ, ಕಾಕಿ ಸಿಂಧನೂರಿಗೆ ಮದುವೆಗೆ ಹೋಗಿದ್ದರು. ಡೋಲಿನವನಿಗೆ ಹೊಸ ಕೈ ಕೂಡಿಸಿ ಆಗಿತ್ತು, ಲ್ಯಾಬಿನ ಕೀಲಿ ನನ್ನ ಬಳಿ ಇತ್ತು. ಪುಟ್ಟಿಯಲ್ಲಿ ಎರಡು ಹೋಳು ಅಚ್ಚು ತೆಗೆದೆ. ಅದಕ್ಕೆ ಮೇಣ ಹೊಯ್ದು ಮೇಣದ ಗೊಂಬೆ ಮಾಡಿದೆ. ಅದನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ, ಮೇಣ ಕರಗಿಸಿ, ಆ ಪೊಳ್ಳಿಗೆ ಸೀಸ ಹೊಯ್ದೆ. ಸೀಸ ಕೂಡ ರದ್ದಿ ಡಬ್ಬಿಯ ಹಳೆಯ ಮುರುಕು ಕುದುರೆಗಳದ್ದೇ, ಹೊಸ ಲೋಹ ಎಂದು ಗುರುತು ಸಿಗಬಾರದೆಂದು. ಅಷ್ಟು ಬುದ್ಧಿ ಓಡಿಸಿದವಳು ನಾನು. ಅವರು ಬರುವುದರೊಳಗೆ ಕುಲುಮೆ ಆರಿಸಿ, ನೆಲ ಒರೆಸಿ, ಅವಸರದಲ್ಲಿ ಅರ ಹಾಕಿ ಮನೆಗೆ ಹೋದೆ. ಮುಂದಿನ ವಾರ ಮೂಲದ ಡೋಲಿನವ ಹೊಸ ಕೈ ಹೊತ್ತುಕೊಂಡು ಇಂಗ್ಲೆಂಡಿಗೆ ಹೋದ. ಎರಡು ತಿಂಗಳು ತಡೆದು, ಒಂದು ಭಾನುವಾರ ನಕಲನ್ನು ಕ್ಯಾಪಿನ ಡಬ್ಬಿಯಲ್ಲಿ ಅರಳೆ ಹಾಸಿ ಮಲಗಿಸಿ ಕಾಕಾರ ಮುಂದಿಟ್ಟೆ.

ತೆರೆದು ನೋಡಿದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಆ ಒಂದು ಗಳಿಗೆಗಾಗಿಯೇ ನಾನು ಅದನ್ನು ಮಾಡಿದ್ದು.

"ಎಲ್ಲಿಂದ ಬಂದಾನ ಇಂವ?"

"ಆನ್‌ಲೈನಿನಾಗ ಸಿಕ್ಕಾನ್ರಿ. ಯಾರೋ ಮಾರಾಕತ್ತಿದ್ರು, ತರಿಸಿದೆ."

ಕಾಕಾ ಅವನನ್ನು ಅಂಗೈಯಲ್ಲಿ ತೂಗಿದರು. ಉಗುರಿನಿಂದ ತೋಳಿನ ಕೆಳಗೆ ಸವರಿದರು. ಡ್ರಾಯರಿನಿಂದ ವರ್ನಿಯರ್ ತೆಗೆದು ಅಳೆದರು, ಪುಸ್ತಕ ತೆಗೆದು ನೋಡಿದರು, ಮತ್ತೊಮ್ಮೆ ಅಳೆದರು. ಕೂದಲೆಳೆಯಷ್ಟು ಕಡಿಮೆ ಇದ್ದಿರಬೇಕು. ವರ್ನಿಯರ್ ಕೆಳಗಿಟ್ಟು ಬಹಳ ಸಾವಕಾಶ ಕೇಳಿದರು:

"ಯಾವ ಪ್ಲಾಸ್ಟರ್ ಹಾಕಿದ್ದಿ?"

ಹನ್ನೊಂದು ವರ್ಷ ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ರೂಢಿಯಾದ ಬಾಯಿ. "ಸಾದಾದ್ದು" ಎಂದುಬಿಟ್ಟೆ.

"ಅದಕ್ಕ ಕುಗ್ಗ್ಯಾನ" ಅಂದರು ಕಾಕಾ. ಆರುವಾಗ ಲೋಹ ಕುಗ್ಗುತ್ತದೆ, ಅದನ್ನು ಸರಿದೂಗಿಸುವ ಪ್ಲಾಸ್ಟರ್ ಬೇರೆ ಇರುತ್ತದೆ.

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ನಿಮ್ಮ ಸಲುವಾಗಿ ಮಾಡಿದ್ರೀ ಕಾಕಾ. ನಿಮ್ಮ ಕಣ್ಣು ಇರೋದ್ರೊಳಗ ಇರಲಿ ಅಂತ" ಅಂದೆ.

"ಗೊತ್ತೈತಿ. ಅದಕ್ಕ ಬೈಯಾಕ ಬರವಲ್ದು." ಅವನನ್ನು ತಿರುಗಿ ಅರಳೆಯ ಮೇಲೆ ಮಲಗಿಸಿ ಹೇಳಿದರು: "ಹಲ್ಲು ಕಳಕೊಂಡಾವ ಬಂದು ನನ್ನ ಹಲ್ಲಿನಂಗ ಇನ್ನೊಂದು ಮಾಡಿಕೊಡು ಅಂತಾನ, ಮಾಡ್ತೀವಿ. ಇಂವನ್ನ ಕೆತ್ತಿದಾವ ನಮಗ ಕೇಳ್ಯಾನೇನು? ಆ ಅಜ್ಜ ಕೇಳ್ಯಾನೇನು? ಅಂವ ನಂಬಿ ಕಳಿಸಿದ್ದ ಬೇ." ಆಮೇಲೆ ಅಚ್ಚು ಎಲ್ಲಿದೆ ಎಂದು ಕೇಳಿದರು. ತಂದುಕೊಟ್ಟೆ. ಕತ್ತರಿಯಿಂದ ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು.

ನಕಲನ್ನೂ ಕರಗಿಸುತ್ತಾರೆ ಎಂದುಕೊಂಡಿದ್ದೆ. ಕರಗಿಸಲಿಲ್ಲ. ಮೂರು ಭಾನುವಾರ ಕೂತು ಅವನಿಗೆ ಬಣ್ಣ ಹಚ್ಚಿದರು. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಮೊದಲು ಮುಖ.

ಆ ಮುಖ ಹೇಗಿತ್ತು ಎಂದು ಹೇಳುವುದು ಕಷ್ಟ. ಕಾಕಾರ ಮುಖವಲ್ಲ, ಆದರೆ ಕಾಕಾರ ಮೈಬಣ್ಣ, ನಮ್ಮ ಕಡೆಯ ಬಿಸಿಲಿನ ಬಣ್ಣ. ಅವರು ಬಣ್ಣ ಹಚ್ಚಿದ ಕೊನೆಯ ಗೊಂಬೆ ಅದು. ಮುಗಿಸಿ ಫೋನಿನಲ್ಲಿ ಎರಡು ಮೂರು ಫೋಟೋ ತೆಗೆದರು, ಆಮೇಲೆ ತಂದು ನನ್ನ ಮೇಜಿನ ದೀಪದ ಬುಡದಲ್ಲಿ ನಿಲ್ಲಿಸಿದರು. "ಇಂವ ಆ ಸಾಲಿನಾಗ ನಿಲ್ಲಂಗಿಲ್ಲ. ನಿನ್ನ ಹಂತ್ಯಾಕ ಇರ್ಲಿ." ಎತ್ತಿ ನೋಡಿದೆ. ಎಡತೋಳಿನ ಕೆಳಗಿನಿಂದ ಸೊಂಟದ ತನಕ ಜೋಡಿನ ಗೆರೆ ಹಾಗೇ ಇತ್ತು, ನಾನು ಅವಸರದಲ್ಲಿ ಬಿಟ್ಟ ಗೆರೆ. ಅದರ ಮೇಲೆಯೇ ಕೆಂಪು ಬಣ್ಣ ಹಚ್ಚಿದ್ದರು. ಕಾಕಾರ ಕೈಯಿಂದ ಗೆರೆ ಉಳಿದ ಕೆಲಸ ಹೊರಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಣ್ಣು ಇಷ್ಟು ಹೋಯಿತೇ ಎಂದುಕೊಂಡೆ. ಅವನನ್ನು ತಿರುಗಿ ದೀಪದ ಬುಡದಲ್ಲೇ ಇಟ್ಟೆ.

ಅಲ್ಲಿಂದ ಮುಂದೆ ಭಾನುವಾರಗಳು ಸುಮ್ಮನಾದವು. ಮೊದಲು ಅವರ ಫೋನು ಇಡೀ ದಿನ ಟಿಣ್ ಟಿಣ್ ಅನ್ನುತ್ತಿತ್ತು, ಯಾರೋ ಫೋಟೋ ಹಾಕುವುದು, ಯಾರೋ ಯಾವ ಕೆಂಪು ಎಂದು ಕೇಳುವುದು. ಈಗ ಶಬ್ದವಿಲ್ಲ. ಪೋಸ್ಟ್‌ಮನ್ನೂ ಪೇಷಂಟುಗಳನ್ನು ತರುವುದು ನಿಲ್ಲಿಸಿದ. "ಬಿಲಾಯತಿ ಅಜ್ಜಾರು ಏನಂತಾರ್ರೀ?" ಎಂದು ಕೇಳಿದರೆ "ಕಣ್ಣು ದಣೀತಾವ, ಫೋನು ನೋಡೋದು ಬಿಟ್ಟೀನಿ" ಅನ್ನುತ್ತಿದ್ದರು. ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಒಂದೂವರೆ ವರ್ಷ ಹೀಗೇ ಹೋಯಿತು. ಕಾಕಾ ಲ್ಯಾಬಿಗೆ ಬಂದು ಕೂರುತ್ತಿದ್ದರು, ನಾನು ಮಾಡಿದ ಕ್ಯಾಪುಗಳನ್ನು ಉಗುರಿನಿಂದ ಸವರಿ ನೋಡುತ್ತಿದ್ದರು. ಕಣ್ಣಿಲ್ಲದೆಯೂ ಗೆರೆ ಹಿಡಿಯುತ್ತಿದ್ದರು. ಡೋಲಿನವನ ಗೆರೆ ಅವರಿಗೆ ಕಾಣದೆ ಉಳಿದದ್ದಲ್ಲ ಎಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತೆಂದು ಮೊದಲು ಸಿಂಧನೂರಿಗೆ, ಅಲ್ಲಿಂದ ರಾಯಚೂರಿಗೆ ಒಯ್ದೆವು. ಮೂರನೇ ದಿನ ತೀರಿಕೊಂಡರು. ಮಸ್ಕಿಗೆ ತಂದಾಗ ಎರಡೂ ಕಡೆಯ ಬಸ್ಸಿನ ಕಂಡಕ್ಟರುಗಳು ಬಂದಿದ್ದರು. ಕಾಕಾರ ಹೆಬ್ಬೆರಳಿನ ಉಗುರು ಸ್ವಚ್ಛವಾಗಿತ್ತು, ಅದನ್ನು ನೋಡಿದಾಗಲೇ ನಾನು ಅತ್ತದ್ದು.

ಬುದ್ಧ ವಂದನೆ ಮುಗಿದು, ಬಂದವರೆಲ್ಲ ಹೋದ ಮೇಲೆ ಕಾಕಿ ಕಾಕಾರ ಫೋನು ತಂದು ನನ್ನ ಕೈಗಿಟ್ಟರು. "ಆ ಬಿಲಾಯತಿ ಅಜ್ಜಗ ತಿಳಸಬೇಕಲ್ಲ. ನೀನ ಬರಿ."

ಸಂದೇಶಗಳನ್ನು ತೆರೆದೆ. ಗುಂಪಿನಲ್ಲಿ ಕಾಕಾ ಹಾಕಿದ ಕೊನೆಯ ಬರಹ ಒಂದೂವರೆ ವರ್ಷದ ಹಿಂದಿನದು. ಡೋಲಿನವನ ಮೂರು ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ರಿಪೇರಿಗೆ ಬಂದ ಗೊಂಬೆಯ ಒಂದು ನಕಲು ನನ್ನ ಲ್ಯಾಬಿನಲ್ಲಿ ಆಗಿದೆ. ಅಚ್ಚು ನಾಶ ಮಾಡಿದ್ದೇನೆ. ಇದು ಮಾರಾಟಕ್ಕೆ ಹೋಗುವುದಿಲ್ಲ, ಮೂಲದ ಜಾಗದಲ್ಲಿ ನಿಲ್ಲುವುದಿಲ್ಲ. ಕೆಲಸ ನನ್ನ ಲ್ಯಾಬಿನದು, ಜವಾಬ್ದಾರಿ ನನ್ನದು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅದರ ಕೆಳಗೆ ಜನರ ಮಾತು. ಹತ್ತು ವರ್ಷ ತಮ್ಮ ಗೊಂಬೆಗಳನ್ನು ಕಳಿಸಿದವರೇ, ಹಾಗಾದರೆ ನಮ್ಮವನ್ನೂ ನಕಲು ಮಾಡಿದ್ದೀಯೇನು ಎಂದು ಕೇಳಿದ್ದರು. ಒಬ್ಬರು ಕಳ್ಳ ಎಂದಿದ್ದರು. ಕೊನೆಗೆ ಗುಂಪು ನಡೆಸುವವರು ಅವರನ್ನು ತೆಗೆದುಹಾಕಿದ್ದರು. ಯಾರಿಗೂ ಕಾಣದ ನಕಲು ಅದು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ.

ಬಿಲಾಯತಿ ಅಜ್ಜನ ಸಂದೇಶ ಬೇರೆಯಾಗಿ ಬಂದಿತ್ತು. ಎರಡೇ ಸಾಲು. ತೋಳಿನ ಕೆಳಗಿನ ಆ ಗೆರೆ ನಿಮ್ಮ ಕೈಯದ್ದಲ್ಲ, ನಿಮ್ಮ ಕೈ ನನಗೆ ಗೊತ್ತು. ಯಾರು ಮಾಡಿದ್ದು ಹೇಳಿ, ಉಳಿದವರಿಗೆ ನಾನು ಹೇಳುತ್ತೇನೆ.

ಕಾಕಾರ ಉತ್ತರ: ಕೆಲಸ ಲ್ಯಾಬಿನದು.

ಅಷ್ಟೇ. ಆಮೇಲೆ ಇಬ್ಬರೂ ಬರೆದಿರಲಿಲ್ಲ.

ನಾನು ಅಲ್ಲೇ ಕೂತು ಅಜ್ಜನಿಗೆ ಬರೆದೆ. ನನ್ನ ಇಂಗ್ಲಿಷ್ ಕಾಕಾರಷ್ಟು ಚೆನ್ನಾಗಿಲ್ಲ. ಅವರು ತೀರಿಕೊಂಡದ್ದು ಬರೆದೆ. ನಕಲು ಮಾಡಿದವಳು ನಾನು, ಅವರು ಬೇಡ ಅಂದ ಮೇಲೆ, ಅವರು ಊರಲ್ಲಿ ಇಲ್ಲದಾಗ ಮಾಡಿದೆ, ಕೇಳಿದರೆ ಸುಳ್ಳು ಹೇಳಿದೆ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಅದನ್ನು ಗುಂಪಿಗೂ ಹಾಕಿ ಎಂದು ಕೇಳಿಕೊಂಡೆ. ಹಾಕಿದರು. ಕೆಲವರು ಕ್ಷಮೆ ಕೇಳಿದರು. ಕಾಕಾರಿಗೆ ತಲುಪದ ಕ್ಷಮೆ, ಆದರೂ ಒಂದೊಂದನ್ನೂ ಓದಿ ಕಾಕಿಗೆ ಕನ್ನಡದಲ್ಲಿ ಹೇಳಿದೆ.

ಅಜ್ಜ ನನ್ನನ್ನು ಬೈಯಲಿಲ್ಲ. ತಮ್ಮ ಡೋಲಿನವನನ್ನು ಕಳಿಸುತ್ತೇನೆ, ಆ ಇಪ್ಪತ್ಮೂರು ಜನರ ಜೊತೆ ನಿಲ್ಲಲಿ ಎಂದು ಬರೆದರು. ಕಾಕಿಗೆ ಹೇಳಿದೆ. ಆಕೆ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದರು, ಬಟ್ಟೆ ನಿಲ್ಲಿಸಲಿಲ್ಲ. "ಬ್ಯಾಡ ಅನ್ನು. ಇವರು ಇರೋತನ ಬರಲಿಲ್ಲ, ಈಗ ಬಂದು ಯಾರ ಮುಂದ ಬಾರಿಸ್ತಾನ" ಅಂದರು. ಹಾಗೇ ಬರೆದೆ. ಮುಂದಿನ ಸಾಲಿನ ಆ ಜಾಗ ಈಗಲೂ ಖಾಲಿ ಇದೆ.

ಲ್ಯಾಬು ಈಗ ನಾನು ನಡೆಸುತ್ತೇನೆ. ನನ್ನ ಕೈಕೆಳಗೆ ಇಬ್ಬರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ, ಚೀಟಿಯಲ್ಲಿ "ಮಾಡಿದವರು" ಅನ್ನುವ ಸಾಲಿಗೆ ನಾನೇ ಸಹಿ ಹಾಕುತ್ತೇನೆ. ಯಾಕೆ ಎಂದು ಅವರು ಕೇಳುತ್ತಾರೆ, ಕಾಕಾ ಹೇಳಿದ್ದನ್ನೇ ಹೇಳುತ್ತೇನೆ. ಡೋಲಿನವ ನನ್ನ ಮೇಜಿನ ದೀಪದ ಬುಡದಲ್ಲಿ ನಿಂತಿದ್ದಾನೆ. ಸಂಜೆ ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಅವನನ್ನು ಎತ್ತಿ, ತೋಳಿನ ಕೆಳಗೆ ಉಗುರಿನಿಂದ ಸವರುತ್ತೇನೆ. ಗೆರೆ ತಾಗುತ್ತದೆ. ಅರ ಹಿಡಿದರೆ ಐದು ನಿಮಿಷದ ಕೆಲಸ. ನಾನು ತೆಗೆದಿಲ್ಲ.